ಹಸಿರು ದೀಪದ ಮಗು

ವೇದಿಕೆಯ ಮೇಲಿನ ಏಳನೆಯ ದೀಪ ಹಸಿರಿನಿಂದ ಹಳದಿಗೆ, ಹಳದಿಯಿಂದ ಕೆಂಪಿಗೆ ತಿರುಗಿದಾಗ ಸಭಾಭವನದಲ್ಲಿ ಗುಸುಗುಸು ಎದ್ದಿತು. ದೀಪದ ಕೆಳಗೆ ಜರಿಯಂಚಿನ ಲಂಗ ತೊಟ್ಟು, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ ಐದು ವರ್ಷದ ಹುಡುಗಿ ಇನ್ನೂ ನಗುತ್ತಲೇ ಇದ್ದಳು. ಅವಳ ಕಿವಿಯ ಹಿಂದೆ ಅಂಟಿಸಿದ್ದ ಚುಕ್ಕಿ ಮಾತ್ರ ಬೇರೆಯದನ್ನೇ ಹೇಳುತ್ತಿತ್ತು. ಒಂದು ನಿಮಿಷ ಕಾದರು. ದೀಪದ ಬಣ್ಣ ಬದಲಾಗಲಿಲ್ಲ. ಕಾರ್ಯಕರ್ತೆಯೊಬ್ಬಳು ಬಂದು ಮಗುವನ್ನು ಎತ್ತಿಕೊಂಡು ಕೆಳಗಿಳಿದಳು.

"ಮನ್ಯಾಗ ಎಷ್ಟು ಛಂದ ಮಾಡ್ತಿದ್ದಳ್ರೀ!" ಎಂದು ಮೊದಲ ಸಾಲಿನಲ್ಲಿದ್ದ ತಾಯಿ ಯಾರಿಗೆಂದಿಲ್ಲದೆ ಕೂಗಿದಳು. ಕಾಯಿದೆ ಎಂದರೆ ಕಾಯಿದೆ. ಹತ್ತು ವರ್ಷದೊಳಗಿನ ಮಗು ಜನರ ಮುಂದೆ ಪ್ರದರ್ಶನಕ್ಕೆ ನಿಲ್ಲಬೇಕಾದರೆ ಕಿವಿಚುಕ್ಕಿ ಧರಿಸಲೇಬೇಕು. ದೀಪ ಒಂದು ನಿಮಿಷ ಕೆಂಪಾಗಿ ಉಳಿದರೆ ಇಳಿಯಲೇಬೇಕು. ಇದು ಜಾರಿಗೆ ಬಂದು ಆಗಲೇ ಆರು ವರ್ಷವಾಗಿತ್ತು. ಈಗ ೨೦೫೯.

ಕೊನೆಯ ಸಾಲಿನಲ್ಲಿ ಕುಳಿತಿದ್ದ ಡಾ. ವಿನುತಾ ಕಬ್ಬೂರ ಇದನ್ನು ನೋಡಿ ಒಳಗೊಳಗೇ ಸಮಾಧಾನಪಟ್ಟರು. ಕಿವಿಚುಕ್ಕಿ ಅವರ ಕೈಯಿಂದಲೇ ಹುಟ್ಟಿದ್ದು. ಮೊದಲು ಅದನ್ನು ಮಾಡಿದ್ದು ಸುಟ್ಟಗಾಯಗಳ ವಾರ್ಡಿನ ಮಕ್ಕಳಿಗಾಗಿ, ನೋವು ಎಷ್ಟಿದೆ ಎಂದು ಹೇಳಲು ಬಾರದ ಕೂಸುಗಳಿಗಾಗಿ. ಹಣೆಬೊಟ್ಟಿನಷ್ಟೇ ಅಗಲದ ಆ ತೆಳು ಪದರ ಎರಡು ಸಂಗತಿಗಳನ್ನು ಅಳೆಯುತ್ತಿತ್ತು: ಗುಂಡಿಗೆಯ ಬಡಿತ ಮತ್ತು ಚರ್ಮದ ತೇವ. ಹೆದರಿದಾಗ ಬಡಿತ ಏರುತ್ತದೆ, ಅಂಗೈ ಬೆವರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಕಣ್ಣಿಗೆ ಕಾಣದಷ್ಟು ಸಣ್ಣ ಏರಿಕೆಯನ್ನೂ ಹಿಡಿದು, ಸಂಕಟ ಇದೆಯೋ ಇಲ್ಲವೋ ಎಂದು ಚುಕ್ಕಿ ದೀಪದ ಮೂಲಕ ತೀರ್ಪು ಹೇಳುತ್ತಿತ್ತು. ಇನ್ನು ಮುಂದೆ ಶಾಲೆ, ನೃತ್ಯ ತರಗತಿ, ಚಿತ್ರೀಕರಣ, ಎಲ್ಲ ಕಡೆಗೂ ಅದನ್ನು ಕಡ್ಡಾಯ ಮಾಡಲು ಸರ್ಕಾರ ಸಿದ್ಧವಾಗಿತ್ತು. ವಿನುತಾ ಅವರ ಒಪ್ಪಿಗೆ ಪತ್ರವೊಂದೇ ಬಾಕಿ. ಅದನ್ನು ಅಂದು ಸಂಜೆಯೊಳಗೆ ಕಳಿಸಬೇಕಿತ್ತು.

ಒಂದೇ ಒಂದು ಅನುಮಾನ ಅವರನ್ನು ಧಾರವಾಡದಿಂದ ಹುಬ್ಬಳ್ಳಿಯ ಈ 'ಪುಟ್ಟ ಅಪ್ಸರೆ' ಸ್ಪರ್ಧೆಗೆ ಎಳೆದು ತಂದಿತ್ತು. ರಾಜ್ಯದ ಎರಡು ಸಾವಿರ ಸ್ಪರ್ಧಿ ಮಕ್ಕಳ ದಾಖಲೆಯಲ್ಲಿ ಒಬ್ಬಳ ದೀಪ ಒಂದು ಸಲವೂ ಹಳದಿಗೆ ತಿರುಗಿರಲಿಲ್ಲ. ಹದಿನೆಂಟು ಸ್ಪರ್ಧೆ, ಹದಿನೆಂಟೂ ಅಚ್ಚ ಹಸಿರು. ಹೆಸರು ಇಬ್ಬನಿ, ವಯಸ್ಸು ಆರು. ಯಾರೋ ಚುಕ್ಕಿಯನ್ನು ಕೆಡಿಸಿದ್ದಾರೆ ಎಂದೇ ವಿನುತಾ ಲೆಕ್ಕ ಹಾಕಿದ್ದರು.

ಇಬ್ಬನಿಯ ಸರದಿಗೆ ಇನ್ನೂ ಅರ್ಧ ಗಂಟೆಯಿತ್ತು. ವೇದಿಕೆಯ ಹಿಂದಿನ ಬಣ್ಣ ಹಚ್ಚುವ ಕೋಣೆಗೆ ವಿನುತಾ ಹೋದಾಗ ಮಗು ಎತ್ತರದ ಕುರ್ಚಿಯ ಮೇಲೆ ಗೊಂಬೆಯ ಹಾಗೆ ಕುಳಿತಿತ್ತು. ಕಣ್ಣಿಗೆ ಅಂಟಿಸಿದ ರೆಪ್ಪೆಗೂದಲು, ಹೆಗಲ ತುಂಬ ಸುರುಳಿ ಕೂದಲು. ತಾಯಿ ಮನಸ್ವಿ ಮಗಳ ಬಾಯಿ ತೆರೆಸಿ, ಹಾಲುಹಲ್ಲು ಬಿದ್ದ ಜಾಗ ಮುಚ್ಚುವ ಹಲ್ಲಿನ ಪಟ್ಟಿಯೊಂದನ್ನು ಒತ್ತಿ ಕೂರಿಸುತ್ತಿದ್ದಳು.

"ಬರ್ರಿ ಮೇಡಮ್ಮರ, ಕೂಡ್ರಿ," ಎಂದು ಮನಸ್ವಿ ಕುರ್ಚಿ ಎಳೆದಳು. "ನೀವು ಬರತೀರಿ ಅಂತ ಫೋನ್ ಬಂದಿತ್ತು. ಏನ್ ಬೇಕಾರ ನೋಡಿಕೊಳ್ರಿ. ನಮ್ಮ ಇಬ್ಬನಿಗೆ ಸ್ಟೇಜ್ ಅಂದ್ರ ಜೀವ. ಒಂದಿನಾ ಅತ್ತಾಕಿ ಅಲ್ಲ."

"ಊಟ ಆತೇನವಾ?" ವಿನುತಾ ಮಗುವನ್ನು ಕೇಳಿದರು.

ಇಬ್ಬನಿ ತಾಯಿಯ ಮುಖ ನೋಡಿದಳು. ತಾಯಿಯೇ ಉತ್ತರ ಕೊಟ್ಟಳು: "ಮುಗಿದ ಮ್ಯಾಲೆ ಉಣತಾಳ್ರಿ. ಉಂಡ್ರ ಹೊಟ್ಟಿ ಎದ್ದು ಕಾಣತೈತಿ."

ವಿನುತಾ ಹಳೆಯ ಚುಕ್ಕಿಯನ್ನು ಮೆಲ್ಲಗೆ ಬಿಡಿಸಿ ತಮ್ಮ ಪೆಟ್ಟಿಗೆಯಿಂದ ಹೊಸದೊಂದನ್ನು ಅಂಟಿಸಿದರು. ಗೋಡೆಯ ಪುಟ್ಟ ದೀಪ ಹಸಿರಾಯಿತು. ಇನ್ನೊಂದನ್ನು ಹಚ್ಚಿದರು. ಅದೂ ಹಸಿರು. ಯಾರೂ ಏನನ್ನೂ ಕೆಡಿಸಿರಲಿಲ್ಲ. ಪೆಟ್ಟಿಗೆ ಮುಚ್ಚಿ ಎದ್ದು ಹೋಗಬಹುದಿತ್ತು, ಒಪ್ಪಿಗೆ ಪತ್ರ ಕಳಿಸಬಹುದಿತ್ತು. ಆದರೆ ಮೂವತ್ತು ವರ್ಷದ ಅಭ್ಯಾಸ ಅವರನ್ನು ಏಳಗೊಡಲಿಲ್ಲ. ದೀಪ ತೋರಿಸುವುದು ತೀರ್ಪನ್ನು ಮಾತ್ರ; ಆ ತೀರ್ಪಿನ ಹಿಂದಿನ ಬಡಿತಗಳನ್ನು ನೋಡೋಣವೆಂದು ಕೈಯಲ್ಲಿದ್ದ ಹಲಗೆಯಂಥ ಗಣಕದ ಪರದೆ ತೆರೆದರು. ನಿಮಿಷಕ್ಕೆ ತೊಂಬತ್ತೆಂಟು ಬಡಿತ. ಆರು ವರ್ಷದ ಮಗುವಿಗೆ ಸರಿಯಾದದ್ದೇ.

ಆಗ ಹೊರಗಿನ ಧ್ವನಿವರ್ಧಕ, "ಮುಂದಿನ ಮೂವರು ಸ್ಪರ್ಧಿಗಳು ಸಿದ್ಧರಾಗಿ" ಎಂದು ಹೆಸರು ಕೂಗಿತು. ಮೂರನೆಯ ಹೆಸರು ಇಬ್ಬನಿಯದು.

ಪರದೆಯ ಮೇಲಿನ ಗೆರೆ ಏರಲಿಲ್ಲ. ಇಳಿಯಿತು. ತೊಂಬತ್ತು. ಎಂಬತ್ತನಾಲ್ಕು. ಎಪ್ಪತ್ತೊಂದು. ಚರ್ಮದ ತೇವ ಆರಿಹೋಯಿತು. ವಿನುತಾ ತಲೆಯೆತ್ತಿ ನೋಡಿದರೆ ಮಗುವಿನ ಉಸಿರಾಟ ಇದೆಯೋ ಇಲ್ಲವೋ ಎನ್ನುವಷ್ಟು ತೆಳುವಾಗಿತ್ತು. ಆದರೂ ಮಗು ನಗುತ್ತಿತ್ತು. ಕಣ್ಣು ಮಾತ್ರ ಎದುರಿನ ಗೋಡೆಯ ಮೇಲೆ ಎಲ್ಲೋ ನಿಂತಿತ್ತು.

ಹದ್ದಿನ ನೆರಳು ಅಂಗಳದ ಮೇಲೆ ಹಾದಾಗ ಎಲ್ಲ ಕೋಳಿಮರಿಗಳೂ ಓಡುವುದಿಲ್ಲ. ಓಡಿ ಪ್ರಯೋಜನವಿಲ್ಲವೆಂದು ತಿಳಿದ ಮರಿ ನೆಲಕ್ಕೆ ಕುಸಿದು ಕಲ್ಲಾಗಿಬಿಡುತ್ತದೆ. ಅದರ ಗುಂಡಿಗೆ ನಿಧಾನವಾಗುತ್ತದೆ. ಅದೂ ಭಯವೇ, ಭಯದ ಕಟ್ಟಕಡೆಯ ಮೆಟ್ಟಿಲು. ಚುಕ್ಕಿಗೆ ಲೆಕ್ಕ ಕಲಿಸಿದವರು ವಿನುತಾ. ಏರಿದರೆ ಸಂಕಟ, ಇಳಿದರೆ ನೆಮ್ಮದಿ ಎಂದು ಬರೆದದ್ದು ಅವರದೇ ಕೈ. ಹಾಗಾದರೆ ಆ ಸುಟ್ಟಗಾಯದ ವಾರ್ಡಿನಲ್ಲಿ ಹಸಿರು ದೀಪದ ಕೆಳಗೆ ತೆಪ್ಪಗೆ ಮಲಗಿದ್ದ ಮಕ್ಕಳು? ಹಸಿರೆಂದು ನೋವಿನ ಔಷಧಿ ಕಡಿಮೆ ಮಾಡಿಸಿಕೊಂಡ ಮಕ್ಕಳು? ಆ ಯೋಚನೆಯನ್ನು ಅವರು ಆ ಕ್ಷಣಕ್ಕೆ ಬಲವಂತದಿಂದ ಪಕ್ಕಕ್ಕೆ ಸರಿಸಿದರು.

"ಮನಸ್ವಿ, ಒಂದು ಮಾತು," ಎಂದರು. "ಇವತ್ತ ಸ್ಟೇಜಿಗೆ ಹೋಗೂದು ಬ್ಯಾಡ ಅಂತ ಆಕಿಗೆ ಹೇಳಿ ನೋಡ್ರಿ."

ಮನಸ್ವಿ ನಕ್ಕಳು. ಮಗಳ ಕಡೆ ಬಾಗಿ, "ಇಬ್ಬು, ಇವತ್ತ ಬ್ಯಾಡಂತ. ಮನಿಗೆ ಹೋಗೂಣು?" ಎಂದಳು.

ಗೆರೆ ಒಮ್ಮೆಲೇ ಮೇಲಕ್ಕೆ ಹಾರಿತು. ನೂರಾ ಮೂವತ್ತು, ನೂರಾ ನಲವತ್ತೆಂಟು. ದೀಪ ಕೆಂಪಗೆ ಉರಿಯತೊಡಗಿತು. ಮಗುವಿನ ತುಟಿ ಅದುರಿತು. "ಇಲ್ಲ ಮಮ್ಮಿ, ನಾ ಹೋಗ್ತೀನಿ. ನಾ ಛಲೋ ಮಾಡ್ತೀನಿ ಮಮ್ಮಿ!"

"ನೋಡಿದ್ರಿಲ್ಲೋ?" ಮನಸ್ವಿಯ ಮುಖದಲ್ಲಿ ಗೆಲುವು ಹೊಳೆಯಿತು. "ನಿಮ್ಮ ಮಶೀನೇ ಹೇಳಾಕತ್ತೈತಿ. ಆಕಿಗೆ ಬ್ಯಾಡ ಅಂದ್ರನ ಸಂಕಟ ಆಗತೈತಿ."

ತಾಯಿಯ ಮಾತಿನಲ್ಲಿ ಸುಳ್ಳಿರಲಿಲ್ಲ. ಯಂತ್ರವೂ ಹಾಗೇ ಹೇಳುತ್ತಿತ್ತು.

"ನೀವು ಎರಡು ನಿಮಿಷ ಬಾಗಲದ ಹೊರಗ ನಿಂದರ್ತೀರೇನು?"

ಮನಸ್ವಿ ಮುಖ ಗಂಟಿಕ್ಕಿದಳು, ಆದರೂ ಹೋದಳು. ಬಾಗಿಲನ್ನು ಪೂರ್ತಿ ಮುಚ್ಚಲಿಲ್ಲ. ವಿನುತಾ ನೆಲದ ಮೇಲೆ ಮೊಣಕಾಲೂರಿ ಕುಳಿತು, ಮಗುವಿನ ಕಣ್ಣಿಗೆ ಕಣ್ಣು ಸಮವಾಗುವಂತೆ ಮಾಡಿಕೊಂಡರು.

"ಇಬ್ಬನಿ, ಸ್ಟೇಜಿಗೆ ಹೋಗಲಿಲ್ಲ ಅಂದ್ರ ಏನಾಗತೈತಿ?"

ಮಗು ಬಾಗಿಲ ಕಡೆ ನೋಡಿತು. ಹಲ್ಲಿನ ಪಟ್ಟಿಯಿಂದಾಗಿ ಮಾತು ತೊದಲುತ್ತಿತ್ತು. "ಮಮ್ಮಿ ಮಾತಾಡೂದಿಲ್ಲ."

"ಬೈತಾಳೇನು?"

"ಬೈಯೂದಿಲ್ಲ. ಹೊಡಿಯೂದಿಲ್ಲ. ಮಾತಾಡೂದಿಲ್ಲ. ಒಂದ್ಸಲ ನಾ ಡಾನ್ಸ್ ಮರತೆ. ಆಗ ಮೂರು ದಿನ ಮಾತಾಡಲಿಲ್ಲ. ಊಟ ಕೊಟ್ಳು. ಜಡಿ ಹಾಕಿದ್ಳು. ನನ್ನ ನೋಡಲೇ ಇಲ್ಲ."

"ಮತ್ತ ಸ್ಟೇಜಿನ ಮ್ಯಾಲೆ ಹೋದಾಗ ಏನ್ ಅನಸತೈತಿ?"

"ಅಲ್ಲಿ ನಾ ಇರೂದಿಲ್ಲ ಅಜ್ಜಿ," ಎಂದಳು.

ಬಾಗಿಲು ದಡಾರನೆ ತೆರೆಯಿತು. ಮನಸ್ವಿಯ ಮುಖ ಬಿಳಿಚಿಕೊಂಡಿತ್ತು. "ಮೂರು ದಿನ ಅಲ್ಲ, ಎರಡ ದಿನ," ಎಂದಳು. ಮಾತು ಬಾಯಿಂದ ಹೊರಬಿದ್ದ ಮೇಲೆ ತನಗೇ ಕೇಳಿಸಿದಂತೆ ನಿಂತುಬಿಟ್ಟಳು. ಆಮೇಲೆ ಸಿಟ್ಟು ಬಂತು. "ನಿಮಗೇನ್ ಗೊತ್ತೈತ್ರಿ? ನಾ ಒಂಬತ್ತ ವರ್ಷದಾಕಿ ಇದ್ದಾಗ ನಮ್ಮ ಕಾಕಾನ ಮದುವ್ಯಾಗ ಎಲ್ಲಾರೂ ಫೋಟೋಕ್ಕ ನಿಂತಿದ್ರು. 'ಈ ಕರೀಕೂಸನ್ನ ಹಿಂದ ನಿಲ್ಲಸ್ರಿ, ಫೋಟೋ ಕೆಡತೈತಿ' ಅಂದ್ರು. ನಮ್ಮವ್ವನೇ ನನ್ನ ಕೈ ಹಿಡದು ಹಿಂದ ಸರಿಸಿದ್ಳು. ನನ್ನ ಮಗಳನ್ನ ಯಾರೂ ಹಿಂದ ಸರಸಬಾರದು. ಅಷ್ಟೇ ನನಗ ಬೇಕಾಗಿರೂದು. ಇದು ತಪ್ಪೇನ್ರಿ?"

ಅಷ್ಟರಲ್ಲಿ ಸಂಘಟಕ ಶಶಾಂಕ ಪತ್ತಾರ ಓಡಿ ಬಂದ. "ಇಬ್ಬನಿ ರೆಡಿ ಅದಾಳೇನ್ರಿ? ತೀರ್ಪುಗಾರರು ಕಾಯಾಕತ್ತಾರ."

"ಈ ಮಗು ಹೋಗೂದಿಲ್ಲ," ಎಂದರು ವಿನುತಾ.

ಶಶಾಂಕ ಗೋಡೆಯ ದೀಪ ನೋಡಿದ. ಮಗು ತನ್ನ ಹೆಸರು ಕೇಳಿದ ಕೂಡಲೇ ಮತ್ತೆ ಕಲ್ಲಾಗಿತ್ತು, ದೀಪ ಹಸಿರಾಗಿತ್ತು. "ಹಸಿರ ಐತಲ್ರೀ ಮೇಡಮ್ಮರ! ಕಾಯಿದೆ ಬರಿಸಿದವರು ನೀವೇ. ದೀಪ ಹಸಿರಿದ್ದಾಗ ಮಗುನ ತಡಿಯೋ ಅಧಿಕಾರ ಯಾರಿಗೂ ಇಲ್ಲ. ನಿಮಗೂ ಇಲ್ಲ."

ಅದು ನಿಜವಾಗಿತ್ತು. ಇಬ್ಬನಿಯನ್ನು ತಡೆಯುವ ಹಕ್ಕು ಅವರಿಗಿರಲಿಲ್ಲ. ಅವರಿಗಿದ್ದದ್ದು ಇನ್ನೊಂದು ಹಕ್ಕು. ಪ್ರತಿದಿನ ಬೆಳಿಗ್ಗೆ ರಾಜ್ಯದ ಎಲ್ಲ ಚುಕ್ಕಿಗಳೂ ಅವರ ಸಂಸ್ಥೆಯಿಂದ 'ಸರಿಯಾಗಿದೆ' ಎಂಬ ದೃಢೀಕರಣ ಪಡೆಯುತ್ತಿದ್ದವು. ಅದನ್ನು ಹಿಂದಕ್ಕೆ ಪಡೆದರೆ ಯಾವ ಚುಕ್ಕಿಯೂ ಕೆಲಸ ಮಾಡದು, ಚುಕ್ಕಿಯಿಲ್ಲದೆ ಯಾವ ಮಗುವೂ ವೇದಿಕೆ ಏರುವಂತಿಲ್ಲ. ಹಾಗೆ ಮಾಡಿದರೆ ಇಂದಿನ ಸ್ಪರ್ಧೆಯಷ್ಟೇ ಅಲ್ಲ, ಮೂವತ್ತು ವರ್ಷದ ದುಡಿಮೆಯೂ ನಿಲ್ಲುತ್ತದೆ. ಹಲಗೆಯ ಮೇಲೆ ಬೆರಳಿಟ್ಟರು. ಬೆರಳು ಅಲ್ಲೇ ನಿಂತಿತು. ಶಶಾಂಕ ಮಗುವಿನ ಕೈ ಹಿಡಿದು ಕುರ್ಚಿಯಿಂದ ಇಳಿಸುತ್ತಿದ್ದ. ಮಗು ನಗುತ್ತಾ ಇಳಿಯಿತು.

ವಿನುತಾ ಒತ್ತಿದರು.

ಕೋಣೆಯ ದೀಪ ಆರಿತು. ಹೊರಗೆ ವೇದಿಕೆಯ ಮೇಲೆ ಸಾಲಾಗಿ ಉರಿಯುತ್ತಿದ್ದ ಇಪ್ಪತ್ತನಾಲ್ಕು ದೀಪಗಳೂ ಆರಿದವು. ಕೂಗಾಟ ಶುರುವಾಯಿತು. ಕುರ್ಚಿಗಳು ಉರುಳಿದವು. ವಿನುತಾ ವೇದಿಕೆಗೆ ಬಂದು ಧ್ವನಿವರ್ಧಕದ ಮುಂದೆ ನಿಂತಾಗ ಯಾರೋ ನೀರಿನ ಬಾಟಲಿ ಎಸೆದರು. ಅದು ಅವರ ಭುಜಕ್ಕೆ ಬಡಿಯಿತು.

"ನನ್ನ ಯಂತ್ರ ತಪ್ಪು," ಎಂದರು ಅವರು. "ಅದು ಹೆದರಿ ಅಳುವ ಮಗುವನ್ನು ಗುರುತಿಸುತ್ತದೆ. ಹೆದರಿ ಹೆದರಿ ಅಳುವುದನ್ನೇ ಬಿಟ್ಟ ಮಗುವಿಗೆ ಹಸಿರು ದೀಪ ತೋರಿಸುತ್ತದೆ. ಇಷ್ಟು ದಿನ ನೀವೆಲ್ಲ ನಂಬಿದ್ದಕ್ಕೆ ಕ್ಷಮೆ ಕೇಳುತ್ತೇನೆ."

ಅವರು ಹಿಂದಿರುಗಿದಾಗ ಬಣ್ಣದ ಕೋಣೆಯಲ್ಲಿ ಮನಸ್ವಿ ನೆಲದ ಮೇಲೆ ಕುಳಿತಿದ್ದಳು. ಇಬ್ಬನಿ ಅವಳ ಮುಂದೆ ನಿಂತು ಅದೇ ಒಂದು ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಿದ್ದಳು: "ಮಮ್ಮಿ, ಮಾತಾಡ್ತೀಯಿಲ್ಲೋ? ಮಮ್ಮಿ, ನನ್ನ ಕೂಡ ಮಾತಾಡ್ತೀಯಿಲ್ಲೋ?" ಮನಸ್ವಿಗೆ ಬಾಯಿ ತೆರೆಯಲು ಬಹಳ ಹೊತ್ತು ಬೇಕಾಯಿತು. "ಮಾತಾಡ್ತೀನಿ," ಎಂದಳು ಕೊನೆಗೆ, ಮಗಳ ಮುಖ ನೋಡದೆ. ಆಮೇಲೆ ನೋಡಿದಳು.

ಒಪ್ಪಿಗೆ ಪತ್ರ ಅಂದು ಸಂಜೆ ಹೋಗಲಿಲ್ಲ. ಚುಕ್ಕಿಯ ಬಗೆಗಿನ ವಿಚಾರಣೆ ಎಂಟು ತಿಂಗಳು ನಡೆಯಿತು. ವಿನುತಾ ಹಳೆಯ ವಾರ್ಡಿನ ದಾಖಲೆಗಳನ್ನು ತಾವೇ ತೆಗೆಸಿ, ಇಳಿದ ಗೆರೆಗಳನ್ನು ಒಂದೊಂದಾಗಿ ಗುರುತು ಮಾಡಿ ಒಪ್ಪಿಸಿದರು. ಮುನ್ನೂರ ಹನ್ನೆರಡು ಮಕ್ಕಳು. ಕೆಲವರು ಈಗ ದೊಡ್ಡವರಾಗಿದ್ದರು. ಅವರಿಗೆಲ್ಲ ಸ್ವಂತ ಕೈಯಲ್ಲಿ ಕಾಗದ ಬರೆದರು. ಉತ್ತರ ಬಂದದ್ದು ಕೆಲವರಿಂದ ಮಾತ್ರ. ಪುಟ್ಟ ಮಕ್ಕಳ ಸೌಂದರ್ಯ ಸ್ಪರ್ಧೆಗಳು ತಾತ್ಕಾಲಿಕವಾಗಿ ನಿಂತವು. ಮುಂದೆ ಏನು ಮಾಡಬೇಕೆಂದು ತಿಳಿಯಲು ಸರ್ಕಾರ ಧಾರವಾಡದಲ್ಲಿ ಒಂದು ಕೋಣೆಯನ್ನು ವಿನುತಾ ಅವರಿಗೆ ಬಿಟ್ಟುಕೊಟ್ಟಿತು. ಸ್ಪರ್ಧೆಗೆ ನಿಂತಿದ್ದ ಮಕ್ಕಳು ಅಲ್ಲಿಗೆ ಒಬ್ಬೊಬ್ಬರಾಗಿ ಬಂದು ಒಂದು ಗಂಟೆ ಇರಬೇಕು. ಒಂದೇ ಪ್ರಶ್ನೆ: ನಿನಗೆ ಏನು ಮಾಡಬೇಕು ಅನ್ನಿಸುತ್ತದೆ?

ಇಬ್ಬನಿಯನ್ನು ಮನಸ್ವಿಯೇ ಕರೆತಂದಳು. ವಿನುತಾ ಅವರನ್ನು ಅವಳಿನ್ನೂ ಕ್ಷಮಿಸಿರಲಿಲ್ಲ. ನಮಸ್ಕಾರವನ್ನೂ ಹೇಳದೆ ಹೊರಗಿನ ಬೆಂಚಿನ ಮೇಲೆ ಕುಳಿತಳು. ಆದರೂ ಬಂದಿದ್ದಳು. ಕೋಣೆಯಲ್ಲಿ ಜೇಡಿಮಣ್ಣು, ಬಣ್ಣ, ಮರದ ತುಂಡುಗಳು, ಒಂದು ನಲ್ಲಿ, ಒಂದು ಹಾಸಿಗೆ ಇದ್ದವು. ಇಬ್ಬನಿಗೆ ಈಗ ಮುಂದಿನ ಎರಡು ಹಲ್ಲು ಅರ್ಧ ಬಂದಿದ್ದವು.

ವಿನುತಾ ಪ್ರಶ್ನೆ ಕೇಳಿದರು. ಮಗು ಮಣ್ಣನ್ನು ನೋಡಲಿಲ್ಲ, ನಲ್ಲಿಯನ್ನು ನೋಡಲಿಲ್ಲ. ವಿನುತಾ ಅವರ ಮುಖವನ್ನೇ, ಹುಬ್ಬು, ತುಟಿ, ಕಣ್ಣಂಚುಗಳನ್ನು, ಓದು ಕಲಿಯುವವರು ಅಕ್ಷರ ಕೂಡಿಸುವ ಹಾಗೆ ನಿಧಾನವಾಗಿ ನೋಡಿತು. "ಅಜ್ಜಿ, ನಾ ಏನ್ ಮಾಡಿದ್ರ ನಿಮಗ ಖುಷಿ ಆಗತೈತಿ?"

ತಾವು ಕಟ್ಟಿದ್ದ ಯಾವ ಯಂತ್ರವೂ ಇಷ್ಟು ಸೂಕ್ಷ್ಮವಾಗಿ ಇನ್ನೊಬ್ಬರ ಮುಖವನ್ನು ಓದಲಾರದು ಎಂದು ವಿನುತಾ ಅವರಿಗೆ ಹೊಳೆಯಿತು. ಅವರು ನಗಲು ಹೋದರು, ತಡೆದುಕೊಂಡರು. ನಕ್ಕರೆ ಅದೂ ಒಂದು ಉತ್ತರವಾಗುತ್ತಿತ್ತು. ಕುರ್ಚಿಯನ್ನು ತಿರುಗಿಸಿ, ಮಗುವಿಗೆ ಬೆನ್ನು ಮಾಡಿ, ಗೋಡೆ ನೋಡುತ್ತಾ ಕುಳಿತರು.

ಹತ್ತು ನಿಮಿಷ ಸದ್ದಿಲ್ಲ. ಇಪ್ಪತ್ತು ನಿಮಿಷ ಸದ್ದಿಲ್ಲ. ಎರಡು ಸಲ ಮಗು, "ಅಜ್ಜಿ?" ಎಂದು ಕರೆಯಿತು. "ಇಲ್ಲೇ ಅದೀನವಾ," ಎಂದರು, ತಿರುಗಲಿಲ್ಲ. ನಲವತ್ತೊಂದನೆಯ ನಿಮಿಷಕ್ಕೆ ಹಿಂದಿನಿಂದ ಪುಟ್ಟ ಪಾದಗಳು ಸರಿದ ಸದ್ದು ಕೇಳಿತು. ಆಮೇಲೆ ಹಾಸಿಗೆ ಸಣ್ಣಗೆ ಕಿರುಗುಟ್ಟಿತು. ಗಂಟೆ ಮುಗಿದು ತಿರುಗಿ ನೋಡಿದಾಗ ಇಬ್ಬನಿ ಬಾಯಿ ತೆರೆದು, ಕೈಕಾಲು ಚೆಲ್ಲಿ, ಗಾಢ ನಿದ್ದೆಯಲ್ಲಿದ್ದಳು.

ತಿಂಗಳ ಕೊನೆಗೆ ಬಂದ ಅಧಿಕಾರಿ ವರದಿಯ ಹಾಳೆ ತಿರುವುತ್ತಾ, "ಇಂಥಾ ಕೋಣಿ ಎಲ್ಲಾ ಊರಾಗೂ ಮಾಡಬೇಕಂದ್ರ ಏನೇನು ಉಪಕರಣ ಬೇಕಾಗತಾವ್ರಿ?" ಎಂದು ಕೇಳಿದ.

"ಒಂದು ತಾಸು ಹೊತ್ತು ಬೇಕು. ಮುಖ ತಿರುಗಿಸಿ ಕೂಡೋ, ಕರದ್ರ ಇಲ್ಲೇ ಅದೀನಿ ಅನ್ನೋ ಒಬ್ಬರು ದೊಡ್ಡವರು ಬೇಕು," ಎಂದರು ವಿನುತಾ. "ಮತ್ತೇನೂ ಬ್ಯಾಡ್ರಿ. ಈ ಚುಕ್ಕಿ ಹುಟ್ಟೂಕಿಂತ ಮೊದಲೂ ಇದನ್ನ ಯಾವ ಮನ್ಯಾಗರ ಮಾಡಬಹುದಿತ್ತು."