ಇಪ್ಪತ್ತಾರು ಕಿಟಕಿಯ ರೈಲು

"ಕೈ ಕೆಳಗೆ ಇಳಿಸ್ರೀ," ಎಂದಳು ಅಮ್ಮ.

"ಇಳೀತಿಲ್ಲ ಕಣೇ," ಎಂದ ಅಪ್ಪ.

ಅಪ್ಪನ ಬಲಗೈ ಬಸ್ಸು ನಿಲ್ಲಿಸುವವರ ಕೈಯ ಹಾಗೆ ಮೇಲೆದ್ದು ನಿಂತಿತ್ತು. ಹಳೇ ನೀಲಿ ಪರದೆಯಲ್ಲಿ ಹೊಲಿದ ಅಂಗಿಯ ತೋಳು ತಿರುಗಾಮುರುಗಾ ಕೂತಿತ್ತು. ಕೈ ಇಳಿಸಲು ಹೋದರೆ ಅಂಗಿಯೇ ಮೇಲೇರಿ ಹೊಟ್ಟೆ ಕಾಣುತ್ತಿತ್ತು. ನಾಲ್ಕು ವರ್ಷದ ತಮ್ಮ ನೆಲದ ಮೇಲೆ ಹೊರಳಾಡಿ ನಕ್ಕ.

"ಎಲ್ಲಾ ಸೇರಿ ಇಂಜಿನ್ ಆಗು ಅಂದ್ರಿ, ಸಿಗ್ನಲ್ ಕಂಬ ಮಾಡಿಬಿಟ್ರಿ," ಎಂದು ಅಪ್ಪನೂ ನಕ್ಕ.

ನಗದೆ ಇದ್ದವಳು ಗಿಣಿ ಒಬ್ಬಳೇ. ಸದಾ ವಟಗುಟ್ಟುತ್ತಾಳೆ ಎಂದು ಮನೆಯವರು ಇಟ್ಟ ಹೆಸರು ಅದು. ಈಗ ಆ ಬಾಯಿಗೆ ಬೀಗ ಬಿದ್ದಿತ್ತು.

ನಾಳೆ ಸೋಮವಾರ, ಶಾಲೆಯಲ್ಲಿ ಫ್ಯಾಮಿಲಿ ಡೇ. ಪ್ರತಿಯೊಂದು ಮನೆಯವರೂ ಒಂದೊಂದು ಥೀಮ್ ಆರಿಸಿಕೊಂಡು ವೇಷ ಹಾಕಿ ಬರಬೇಕು. ಗಿಣಿಯ ಮನೆಯವರದು ರೈಲು. ಅಪ್ಪ ಇಂಜಿನ್, ಅಮ್ಮ ಮತ್ತು ಗಿಣಿ ಬೋಗಿ, ತಮ್ಮ ಕೊನೆಯ ಗಾರ್ಡ್ ಡಬ್ಬಿ. "ಹೊಸ ಬಟ್ಟೆ ಅಂತ ಮಾತ್ರ ಬಾಯಿ ತೆಗೀಬೇಡ," ಎಂದು ಅಮ್ಮ ಮೊದಲೇ ಹೇಳಿದ್ದಳು. ಹಳೇ ಪರದೆ, ನಾಲ್ಕು ದಿಂಬಿನ ಕವರು, ಪಕ್ಕದ ಮನೆ ಅಜ್ಜಿಯಿಂದ ಒಂದು ದಿನಕ್ಕೆ ಕೇಳಿ ತಂದ, ಕೈಯಿಂದ ತಿರುಗಿಸುವ ಹೊಲಿಗೆ ಮಷೀನು. ಅವರ ಹತ್ತಿರ ಇದ್ದದ್ದು ಅಷ್ಟೇ.

ಆದರೂ ಗಿಣಿ ಚಿಂತೆ ಮಾಡಿರಲಿಲ್ಲ. ಅಮ್ಮ ಕೆಲಸಕ್ಕೆ ಹೋಗುವುದು ಶರ್ಟ್ ಫ್ಯಾಕ್ಟರಿಗೆ. ಎಂಟು ವರ್ಷದಿಂದ ಹೊಲಿಯುತ್ತಿದ್ದಾಳೆ. ಈ ಜಂಬದಲ್ಲೇ ಗಿಣಿ ಕ್ಲಾಸಿನಲ್ಲಿ ಕೊಚ್ಚಿಕೊಂಡಿದ್ದಳು.

"ನಮ್ಮಮ್ಮ ದಿನಕ್ಕೆ ನಾನೂರು ಶರ್ಟ್ ಹೊಲೀತಾಳೆ."

"ಸುಳ್ಳು," ಎಂದಿದ್ದಳು ಟೇಪು. ಅವಳು ಟೈಲರ್ ಮಗಳು. ಅಪ್ಪನ ಹಳೇ ಅಳತೆ ಟೇಪು ಯಾವಾಗಲೂ ಅವಳ ಬ್ಯಾಗಿನಲ್ಲಿ ಇರುತ್ತಿತ್ತು, ಅದಕ್ಕೇ ಆ ಹೆಸರು. "ನಮ್ಮಪ್ಪ ಬೆಳಗ್ಗೆಯಿಂದ ಸಂಜೆ ತನಕ ಕೂತ್ರೂ ಮೂರೇ ಆಗೋದು."

"ನಿಮ್ಮಪ್ಪ ನಿಧಾನ."

"ನೋಡೋಣ ಬಿಡು ಸೋಮವಾರ. ಎಲ್ಲರ ಮುಂದೆ ನೋಡೋಣ."

ಈಗ ಅಮ್ಮ ಕೈ ಎತ್ತಿ ನಿಂತ ಅಪ್ಪನ ಸುತ್ತ ಒಂದು ಸುತ್ತು ಬಂದಳು. ತೋಳನ್ನು ಹಿಂದಿನಿಂದ ನೋಡಿದಳು, ಮುಂದಿನಿಂದ ನೋಡಿದಳು. ಪರೀಕ್ಷೆಯಲ್ಲಿ ಓದದ ಪ್ರಶ್ನೆ ಬಂದಾಗ ಗಿಣಿಯ ಮುಖ ಹೇಗಾಗುತ್ತದೋ ಅಮ್ಮನ ಮುಖವೂ ಹಾಗೇ ಆಗಿತ್ತು.

"ಅಮ್ಮ, ನಿಂಗೆ ಹೊಲಿಯೋಕೆ ಬರಲ್ವಾ?"

"ಬರುತ್ತೆ."

"ಮತ್ತೆ ಇದೇನು?"

"ತೋಳು ಬರಲ್ಲ. ನಾನು ಹೊಲಿಯೋದು ಜೇಬು."

"ಜೇಬು ಮಾತ್ರಾನಾ?"

"ಹೂಂ. ಎಡಗಡೆ ಎದೆ ತುಂಡು ನನ್ನ ಮುಂದೆ ಬರುತ್ತೆ. ಜೇಬು ಇಟ್ಟು ಹೊಲಿದು ಪಕ್ಕಕ್ಕೆ ತಳ್ತೀನಿ. ತೋಳು ಹಚ್ಚೋರು ಬೇರೆ, ಕಾಲರ್ ಹಚ್ಚೋರು ಬೇರೆ. ಗುಂಡಿಯವರು ಇನ್ನೊಂದು ರೂಮಲ್ಲಿ."

ಗಿಣಿಗೆ ತಲೆಬುಡ ತಿಳಿಯಲಿಲ್ಲ. ಹಾಗಾದರೆ ನಾನೂರು ಶರ್ಟ್ ಎಂದದ್ದು ಸುಳ್ಳೇ? ಅಮ್ಮ ಹಾಗೆ ಹೇಳಿಯೇ ಇರಲಿಲ್ಲ. 'ಇವತ್ತು ನಾನೂರು ಮುಗೀತು' ಎಂದಷ್ಟೇ ಹೇಳುತ್ತಿದ್ದಳು. ಶರ್ಟ್ ಎಂದು ಸೇರಿಸಿದ್ದು ಗಿಣಿ. ಎಂಟು ವರ್ಷ ಹೊಲಿದರೂ ಒಂದು ಅಂಗಿ ಹೊಲಿಯಲು ಬಾರದೆ ಇರುತ್ತದೆಯೇ? ಅಮ್ಮನ ಬಗ್ಗೆ ಅರ್ಥವಾಗದ ವಿಷಯಗಳ ಪಟ್ಟಿಗೆ ಇನ್ನೊಂದು ಸೇರಿತು. ಬಸ್ಸಿನಲ್ಲಿ ಹೋಗುವಾಗ ಅಮ್ಮ ಗುರುತಿಲ್ಲದವರ ಅಂಗಿಯನ್ನೇ ದಿಟ್ಟಿಸುತ್ತಿದ್ದಳಲ್ಲ, ಅದೂ ಹಾಗೇ. 'ಯಾಕಮ್ಮ ಹಂಗೆ ನೋಡ್ತೀಯಾ' ಎಂದು ಗಿಣಿ ಎಷ್ಟೋ ಸಲ ನಾಚಿಕೆಯಿಂದ ಸೆರಗು ಎಳೆದಿದ್ದಳು.

"ನಾಳೆ ನಾನು ಹೋಗಲ್ಲ," ಎಂದಳು ಗಿಣಿ.

ಅಮ್ಮ ಬ್ಲೇಡಿನಿಂದ ತೋಳಿನ ಹೊಲಿಗೆ ಬಿಚ್ಚತೊಡಗಿದಳು. ಅಪ್ಪನ ಕೈ ನಿಧಾನಕ್ಕೆ ಕೆಳಗಿಳಿಯಿತು.

"ತೋಳೇ ಬೇಡ ಬಿಡೇ," ಎಂದ ಅಪ್ಪ. ಅವನು ಗೋಡೆಗೆ ಬಣ್ಣ ಬಳಿಯುವವನು. "ರೈಲಿಗೆಲ್ಲಿಯ ತೋಳು? ಕೈಗೆ ಎರಡು ತೂತು ಸಾಕು. ಚಕ್ರ ನಾನು ಬರೀತೀನಿ. ಆದ್ರೆ ಕಿಟಕಿ ಕಷ್ಟ. ಬಿಳಿ ಬಣ್ಣ ಡಬ್ಬದಲ್ಲೇ ಕಲ್ಲಾಗಿದೆ."

ಗಿಣಿ ಬಿಳಿ ದಿಂಬಿನ ಕವರನ್ನು ನೋಡಿದಳು. ಆಮೇಲೆ ಅಪ್ಪನ ಹಳೇ ಶರ್ಟಿನ ಜೇಬನ್ನು ನೋಡಿದಳು. ಚೌಕ. ಕಿಟಕಿಯೂ ಚೌಕ.

"ಅಮ್ಮ," ಎಂದಳು ಅನುಮಾನದಿಂದ, "ಜೇಬನ್ನೇ ಕಿಟಕಿ ಮಾಡಿದ್ರೆ?"

ಅಮ್ಮ ದಿಂಬಿನ ಕವರನ್ನು ಹತ್ತಿರಕ್ಕೆ ಎಳೆದುಕೊಂಡಳು. "ಹಿಡಿ ತಿರುಗಿಸ್ತೀಯಾ? ನಂಗೆ ಎರಡೂ ಕೈ ಬೇಕು."

ಗಿಣಿ ಮಷೀನಿನ ಹಿಡಿ ತಿರುಗಿಸಿದಳು. ಅಷ್ಟು ಹೊತ್ತು ತಡಕಾಡುತ್ತಿದ್ದ ಅಮ್ಮನ ಕೈಗಳು ಇವೇನಾ ಎನಿಸಿತು. ಕವರಿನ ತುಂಡು ಕತ್ತರಿಸಿ ಜೇಬಿನ ಬಾಯಿ ಮಡಚಿದಳು, ಮೂರು ಬದಿ ಉಗುರಿನಿಂದ ಗೀರಿ ಮಡಚಿದಳು, ನೀಲಿ ಪರದೆಯ ಮೇಲೆ ಇಟ್ಟಳು. ಅಳತೆಯಿಲ್ಲ, ಗುರುತಿಲ್ಲ. ಮೂಲೆಗೆ ಬಂದಾಗ ಪುಟ್ಟದೊಂದು ತ್ರಿಕೋನ ಹೊಲಿದು ತಿರುಗಿದಳು.

"ನಿಧಾನ ಆಯ್ತು ಗಿಣಿ, ಜೋರಾಗಿ ತಿರುಗಿಸು."

ಗಿಣಿಯ ಕೈ ಸೋತಿತು. ಅಮ್ಮ ಸೋಲಲಿಲ್ಲ. ಸಂಜೆಯ ಹೊತ್ತಿಗೆ ಇಪ್ಪತ್ತಾರು ಕಿಟಕಿಗಳಾದವು. ತಮ್ಮ ಒಂದೊಂದರಲ್ಲೂ ಕಾಗದದ ಮುಖ ಅಂಟಿಸಿದ ಪೆನ್ಸಿಲ್ಲು, ಚಮಚ, ಒಂದು ಹಳೇ ಟೂತ್‌ಬ್ರಷ್ಷು ಕೂರಿಸಿದ. ಪ್ರಯಾಣಿಕರು ಹೊರಗೆ ಇಣುಕಿದರು.

ಮರುದಿನ ಶಾಲೆಯ ಹಾಲ್‌ನಲ್ಲಿ ಟೇಪು ಮನೆಯವರು ಇಸ್ಪೀಟು ಎಲೆಗಳಾಗಿ ನಿಂತಿದ್ದರು. ಎಲ್ಲೂ ಒಂದು ಸುಕ್ಕಿಲ್ಲ. ಟೇಪು ನೇರ ರೈಲಿನ ಹತ್ತಿರ ಬಂದಳು. ಅವಳ ಹಿಂದೆ ಅರ್ಧ ಕ್ಲಾಸು.

"ತೋಳೇ ಇಲ್ಲ. ಅಂಚು ಮಡಚಿಲ್ಲ. ಕುತ್ತಿಗೆ ಸೊಟ್ಟ."

ಎಲ್ಲವೂ ನಿಜವಾಗಿತ್ತು. ಗಿಣಿ ನೆಲ ನೋಡಿದಳು. ಟೇಪು ಒಂದು ಕಿಟಕಿಯನ್ನು ಹಿಡಿದು ಎಳೆದಳು. ಇನ್ನೂ ಜೋರಾಗಿ ಎಳೆದಳು. ಪ್ರಯಾಣಿಕ ಅಲುಗಾಡಿದ, ಕಿಟಕಿ ಅಲುಗಲಿಲ್ಲ.

"ಅಪ್ಪ, ಇಲ್ಲಿ ಬಾ," ಎಂದು ಕೂಗಿದಳು. "ಇವನ್ನ ಬೇರೆ ಯಾರೋ ಹೊಲಿದಿದ್ದಾರೆ."

ಟೈಲರ್ ಕನ್ನಡಕ ಮೇಲೇರಿಸಿ ಬಗ್ಗಿ, ಮೂಲೆಯ ತ್ರಿಕೋನದ ಮೇಲೆ ಹೆಬ್ಬೆರಳು ಆಡಿಸಿದರು. ಪಕ್ಕದ ಕಿಟಕಿ ನೋಡಿದರು, ಅದರ ಪಕ್ಕದ್ದು ನೋಡಿದರು.

"ಎಲ್ಲಾ ಒಂದೇ ಅಚ್ಚಲ್ಲಿ ಹೊಯ್ದ ಹಾಗಿದೆಯಲ್ಲ. ಯಾರಮ್ಮ ಹೊಲಿದಿದ್ದು?"

ಎಲ್ಲರೂ ಗಿಣಿಯ ಕಡೆ ತಿರುಗಿದರು.

"ನಮ್ಮಮ್ಮ," ಎಂದಳು. "ಅವಳು ನಾನೂರು ಶರ್ಟ್ ಹೊಲಿಯಲ್ಲ. ನಾನು ಸುಮ್ನೆ ಹೇಳಿದ್ದು. ಅವಳು ಜೇಬು ಹೊಲೀತಾಳೆ. ನಾನೂರು ಜೇಬು."

"ದಿನಕ್ಕಾ?" ಎಂದರು ಟೈಲರ್. ತಿರುಗಿ ಅಮ್ಮನಿಗೆ, "ಈ ಮೂಲೆ ಹೆಂಗೆ ತಿರುಗಿಸ್ತೀರಿ ಅಂತ ಒಂದ್ಸಲ ತೋರಿಸ್ಬೇಕು ನೀವು," ಎಂದರು. ಟೇಪು ತಾನು ಎಳೆದ ಕಿಟಕಿಯ ಟೂತ್‌ಬ್ರಷ್ಷನ್ನು ನೆಟ್ಟಗೆ ಕೂರಿಸಿದಳು.

ಶೀಟಿ ಕೂಗಿತು. ರೈಲು ಹೊರಟಿತು. ಗಿಣಿ ಅಮ್ಮನ ಸೊಂಟ ಹಿಡಿದು ಹೆಜ್ಜೆ ಹಾಕಿದಳು. ಎರಡೂ ಕಡೆ ಜನ ಚಪ್ಪಾಳೆ ತಟ್ಟುತ್ತಿದ್ದರು. ಕೆಂಪು ಪೆನ್ನು ಸಿಕ್ಕಿಸಿಕೊಂಡ ಲೆಕ್ಕದ ಮೇಷ್ಟ್ರು, ಯಾರದೋ ಅಜ್ಜ, ಬಾಗಿಲ ಬಳಿ ವಾಚ್‌ಮನ್. ಎಲ್ಲರ ಎಡ ಎದೆಯ ಮೇಲೂ ಒಂದೊಂದು ಜೇಬು.

ಗಿಣಿ ಪಕ್ಕಕ್ಕೆ ಬಾಗಿ ಅಮ್ಮನ ಮುಖ ನೋಡಿದಳು. ಅಮ್ಮನ ಕಣ್ಣು ಚಪ್ಪಾಳೆಯ ಮೇಲೆ ಇರಲಿಲ್ಲ. ಮೇಷ್ಟ್ರ ಜೇಬಿನ ಮೂಲೆಯ ಮೇಲಿತ್ತು. ಅಲ್ಲಿಂದ ಅಜ್ಜನ ಜೇಬಿಗೆ, ಅಲ್ಲಿಂದ ವಾಚ್‌ಮನ್ ಜೇಬಿಗೆ ಹೋಗುತ್ತಿತ್ತು. ಬಸ್ಸಿನಲ್ಲಿ ನೋಡುವ ಹಾಗೆಯೇ.

ಗಿಣಿ ಈ ಸಲ ಸೆರಗು ಎಳೆಯಲಿಲ್ಲ.

"ನೀನು ಹೊಲಿದ ಜೇಬು ಸಿಕ್ತಾ?" ಎಂದು ಮೆಲ್ಲಗೆ ಕೇಳಿದಳು.

"ಇನ್ನೂ ಇಲ್ಲ," ಎಂದಳು ಅಮ್ಮ.

"ಆ ಕಡೆ ನೀನು ನೋಡು. ಈ ಕಡೆ ನಾನು ನೋಡ್ತೀನಿ," ಎಂದಳು ಗಿಣಿ.