ಉಪ್ಪಿನ ಬಯಲಿಗೆ ಒಂದು ಪಾರ್ಸೆಲ್

ಸೂರ್ಯ ಮುಳುಗುವ ಮೊದಲು ಹೊಸ ರೇಡಿಯೋ ಠಾಣೆಗೆ ಮುಟ್ಟಬೇಕಿತ್ತು. ಉತ್ತರ ಆಫ್ರಿಕಾದ ಆ ಮರಳುಗಾಡಿನ ಒಂಟಿ ಠಾಣೆಯ ರೇಡಿಯೋ ಕೆಟ್ಟು, ಕದನವಿರಾಮದ ಸುದ್ದಿ ಅಲ್ಲಿನ ಸೈನಿಕರಿಗೆ ತಿಳಿದಿರಲಿಲ್ಲ. ಸಂಜೆ ಗಾಯಾಳುಗಳ ಲಾರಿಗಳು ಅದೇ ದಾರಿಯಲ್ಲಿ ಬರಲಿದ್ದವು. ಶತ್ರುಗಳೆಂದು ತಿಳಿದು ಠಾಣೆ ಗುಂಡು ಹಾರಿಸುವುದು ಖಚಿತ. ಹೊಸ ರೇಡಿಯೋ ಪೆಟ್ಟಿಗೆಯನ್ನು ವಿಮಾನದಿಂದ ಎಸೆಯುವಂತಿಲ್ಲ, ಒಡೆಯುತ್ತದೆ. ಇಳಿದೇ ಕೊಡಬೇಕು.

ಶಾಂತಿಪಡೆಯ ಪುಟ್ಟ ಬಿಳಿ ವಿಮಾನವನ್ನು ನಡೆಸುತ್ತಿದ್ದವನು ಯತಿರಾಜ್. ಅವನ ತಾಯಿ ಗುಣವತಿ ನಾಸಿಕದಲ್ಲಿ ಉಡುಪಿ ಹೋಟೆಲ್ ನಡೆಸುತ್ತಾರೆ. ಪಕ್ಕದಲ್ಲಿದ್ದ ಸಹಚಾಲಕಿ ಪ್ರಾಚಿ ಸಂಭಾಜಿನಗರದಲ್ಲಿ ಬೆಳೆದವಳು. ತಂದೆ ವಿಜಯಪುರದಿಂದ ವರ್ಗವಾಗಿ ಬಂದ ಬ್ಯಾಂಕ್ ನೌಕರ.

ಕೆಳಗೆ ಮರಳ ದಿಬ್ಬಗಳು ಒಂದರ ಹಿಂದೊಂದು. ಗಾಳಿ ಬೀಸುವ ಕಡೆ ನಿಧಾನದ ಇಳಿಜಾರು, ಮರೆಯ ಕಡೆ ಕಡಿದಾದ ಗೋಡೆ. ಅವುಗಳಾಚೆ ಒಣಗಿದ ಸರೋವರದ ಬಿಳಿ ತಳ, ಅದರಂಚಿನಲ್ಲಿ ಠಾಣೆ. ನೀರಿನಂತೆ ಹೊಳೆಯುತ್ತಿದ್ದುದು ಬರೀ ಕಾದ ಗಾಳಿ. ಮೇ ತಿಂಗಳಲ್ಲಿ ತಮ್ಮೂರಿನ ದೌಲತಾಬಾದ್ ರಸ್ತೆಯೂ ಹೀಗೇ ಹೊಳೆಯುತ್ತದೆ ಎಂದುಕೊಂಡಳು ಪ್ರಾಚಿ.

"ಪಶ್ಚಿಮಕ್ಕ ನೋಡ್ರಿ ಕ್ಯಾಪ್ಟನ್, ಧೂಳಿನ ಗ್ವಾಡಿ ಎದ್ದದ. ಲಗೂನ ಇಳಸ್ರಿ. ಕೆಳಗ ಮಸ್ತ್ ಸಪಾಟ ಅದ."

"ಸಪಾಟಾಗಿ ಕಾಣ್ತದೆ ಮಾರಾಯ್ತಿ. ಕಾವಲಿ ಕಾದಿದೆಯಾ ಅಂತ ನೋಡದೆ ಹಿಟ್ಟು ಹೊಯ್ಯಬಾರ್ದು."

"ಇಲ್ಲೂ ಹೋಟೆಲ್ ಬುದ್ಧಿ ಬಿಡಂಗಿಲ್ಲ ನೀವು!"

ಗುಣವತಿ ಕಾವಲಿಗೆ ಮೊದಲು ನೀರು ಚಿಮುಕಿಸುತ್ತಿದ್ದರು. ಹನಿ ಕುಣಿದರೆ ಮಾತ್ರ ದೋಸೆ.

ಯತಿರಾಜ್ ವಿಮಾನ ತಗ್ಗಿಸಿದ. ಚಕ್ರಗಳನ್ನು ಬಯಲಿಗೆ ಸೋಕಿಸಿದ. ತಕ್ಷಣ ಮೇಲೆತ್ತಿದ. ಸುತ್ತಿ ಬಂದ.

ಪ್ರಾಚಿ ಕಿಟಕಿಗೆ ಮುಖ ಒತ್ತಿದಳು. "ಗಾಲಿ ಗುರುತು ಕರ್ರಗ ಅದಾವ್ರೀ. ಉಪ್ಪಿನ ಕೆಳಗ ಕೆಸರು!"

ಇಳಿದಿದ್ದರೆ ವಿಮಾನ ಮುಗ್ಗರಿಸಿ ಮಗುಚುತ್ತಿತ್ತು.

"ಇಂಧನ?"

"ಇನ್ನೊಂದ ಸುತ್ತು ಹೊಡಿಯಾಕ ಸಾಕು. ಆಮ್ಯಾಲೆ ಇಲ್ಲೇ ಒಂಟೆ ಕಾಯ್ಕೋತ ಕೂಡಬೇಕ."

ಠಾಣೆಯ ಬಳಿ ಜಲ್ಲಿಕಲ್ಲಿನ ಕಂದು ಪಟ್ಟಿಯೊಂದಿತ್ತು. ನೋಡಲು ಒರಟು. ಆದರೆ ಎಂದೋ ಹರಿದ ತೊರೆ ಕಲ್ಲು ಸುರಿದ ಎತ್ತರದ ಜಾಗ. ನೀರು ಅಲ್ಲಿ ನಿಲ್ಲಲಾರದು ಎಂದು ಯತಿರಾಜ್ ತರ್ಕಿಸಿದ. ಮತ್ತೆ ಚಕ್ರ ಸೋಕಿಸಿ ಸುತ್ತಿ ಬಂದ. ಗುರುತು ತೆಳುವಾಗಿತ್ತು, ಬೂದು ಬಣ್ಣ.

"ಹೊಯ್ರಿ ಹಿಟ್ಟ!" ಪ್ರಾಚಿ ಕೂಗಿದಳು.

ಚಕ್ರಗಳು ಕಲ್ಲಿನ ಮೇಲೆ ಕುಣಿದವು. ರೆಕ್ಕೆಗಳು ನಡುಗಿದವು. ವಿಮಾನ ನಿಂತಿತು.

ಸೈನಿಕರು ಬಂದೂಕು ಹಿಡಿದೇ ಓಡಿಬಂದರು. ಪ್ರಾಚಿ ಪೆಟ್ಟಿಗೆ ಚಾಚಿದಳು. ಅವರ ನಾಯಕ ಗುಂಡಿ ತಿರುಗಿಸಿದ. ತನ್ನದೇ ಮೇಲಧಿಕಾರಿ ಕದನವಿರಾಮ ಸಾರುವ ದನಿ ಕೇಳಿ ತನ್ನವರಿಗೆ ಕೈಸನ್ನೆ ಮಾಡಿದ. ಬಂದೂಕುಗಳು ಕೆಳಗಿಳಿದವು.

ಧೂಳಿನ ಗೋಡೆ ಬಯಲಿನ ಆಚೆಯಂಚನ್ನು ನುಂಗತೊಡಗಿತ್ತು. ಎಂಜಿನ್ ಆರಿಸಿರಲಿಲ್ಲ. ಹಾರಿದರು.

ನೆಲೆಗೆ ಇಳಿದಾಗ ಸುದ್ದಿ ಕಾದಿತ್ತು, ಅದೇ ರೇಡಿಯೋದಿಂದ: ಲಾರಿಗಳೆಲ್ಲ ಠಾಣೆ ದಾಟಿವೆ.

ಯತಿರಾಜ್ ನಾಸಿಕಕ್ಕೆ ಫೋನ್ ಮಾಡಿದ. ಆಚೆ ತಟ್ಟೆಗಳ ಗದ್ದಲ.

"ಇವತ್ತು ಎಂಥ ಕೆಲ್ಸ ಮಗಾ?"

"ಒಂದು ಪಾರ್ಸೆಲ್ ಇತ್ತಮ್ಮ. ಕೊಟ್ಟು ಬಂದೆ."

"ಆರುವ ಮೊದ್ಲು ಮುಟ್ಟಿತಾ?"

"ಮುಟ್ಟಿತಮ್ಮ."

"ಹಾಗಾದ್ರೆ ಸರಿ" ಎಂದು ಗುಣವತಿ ಕಾವಲಿಗೆ ನೀರು ಚಿಮುಕಿಸಿದರು. ಆ ಚುಂಯ್ ಸದ್ದು ಮರಳುಗಾಡಿನವರೆಗೂ ಕೇಳಿತು.