ಪರದೆಯ ಮೇಲೆ ನೂರ ಮೂವತ್ತೆಂಟು

ಇದು ನಿಜಕ್ಕೂ ನಡೆದದ್ದು. ಹತ್ತು ಜನರ ದನಿಯಲ್ಲಿ ಮಾತಾಡುವವನು ಹನ್ನೊಂದನೆಯ ದನಿಯಲ್ಲಿ ಸತ್ಯ ಹೇಳಿದರೆ ಯಾರೂ ನಂಬುವುದಿಲ್ಲ ಅಂತ ನನಗೂ ಗೊತ್ತು. ಆದರೆ ಈ ಸಲ ಸಾಕ್ಷಿ ಇದೆ. ಸಾಕ್ಷಿ ಅವಳ ಚಿಕ್ಕಮ್ಮ.

ನನ್ನ ಸೋದರಮಾವನದು ವ್ಯಾಯಾಮದ ಸಾಮಾನಿನ ಅಂಗಡಿ. ಅದರ ಹಿಂದಿನ ಮೂಲೆ ನನ್ನ ಸಾಮ್ರಾಜ್ಯ. ಅಲ್ಲಿರುವುದು ನಿಂತಲ್ಲೇ ಓಡುವ ಸೈಕಲ್ಲುಗಳು. ಎಷ್ಟು ತುಳಿಸಿಕೊಂಡರೂ ಮನೆ ಬಿಟ್ಟು ಹೋಗದ ಸಹನಾಮೂರ್ತಿಗಳು. ಮಾವ ನನ್ನನ್ನು ಗಿಣಿ ಅನ್ನುತ್ತಾನೆ. ಕೇಳಿದ ದನಿಯನ್ನೆಲ್ಲ ಕದಿಯುವ ಚಟ ನನಗೆ. ಒಮ್ಮೆ ಮಾವನ ದನಿಯಲ್ಲೇ ಫೋನ್ ಮಾಡಿ ಅವನಿಗೇ ಅರ್ಧ ದಿನ ರಜೆ ಕೊಟ್ಟಿದ್ದೆ.

ಮಾವನದೊಂದು ಕಟ್ಟಪ್ಪಣೆ: ಮಾರುವವನು ಮಾರುವ ಸಾಮಾನನ್ನು ಮೈಮೇಲೆ ಹಾಕಿಕೊಂಡಿರಬೇಕು. ಹಾಗಾಗಿ ಬೆಳಿಗ್ಗೆ ಅಂಗಿ ತೊಡುವ ಮೊದಲು ಎದೆಬಡಿತ ಎಣಿಸುವ ಬೆಲ್ಟನ್ನು ಎದೆಗೆ ಬಿಗಿದುಕೊಳ್ಳುವುದು ನನಗೆ ಹಲ್ಲುಜ್ಜಿದಷ್ಟೇ ರೂಢಿ. ಹಲ್ಲುಜ್ಜಿದ್ದು ಮಧ್ಯಾಹ್ನ ಯಾರಿಗೆ ನೆನಪಿರುತ್ತದೆ?

ಅವಳು ಬಂದದ್ದು ಒಂದು ಬುಧವಾರ, ಎಡಗಾಲನ್ನು ತುಸು ಎಳೆಯುತ್ತ. ಮೆಟ್ಟಿಲು ಜಾರಿ ಮಂಡಿಯ ಒಳಗಿನ ದಾರವೊಂದು ಹರಿದಿತ್ತಂತೆ. ಹೊಲಿಗೆ ಹಾಕಿದವರು ಮೂರು ತಿಂಗಳು ಮನೆಯಲ್ಲೇ ಸೈಕಲ್ ತುಳಿಯಲು ಹೇಳಿದ್ದರು.

"ಸೈಕಲ್ ಇದೆ," ಅಂದಳು. "ಎಷ್ಟು ತುಳಿದೆ, ಹೇಗೆ ತುಳಿಬೇಕು ಅಂತ ಹೇಳೋದು ಬೇಕು. ವಾಚು, ಬೆಲ್ಟು, ಆ್ಯಪು, ಸ್ಮಾರ್ಟ್ ಟ್ರೇನರ್ರು. ಓದಿ ಓದಿ ತಲೆ ಕೆಟ್ಟಿದೆ. ಇದರಲ್ಲಿ ನಿಜ ಹೇಳೋದು ಯಾವುದು?"

ಇಂಥ ಪ್ರಶ್ನೆಗೆ ನನ್ನ ಹತ್ತಿರ ಒಂದು ಆಟವೇ ಇತ್ತು. ಕೈಗಡಿಯಾರದ ಪರವಾಗಿ ವಾರ್ತೆ ಓದುವವನಾದೆ: "ಮಣಿಕಟ್ಟು ಮಡಚಿದಾಗ ನಾನು ಕೊಡುವ ಅಂಕಿ ಖಚಿತವಲ್ಲ, ವಾರ್ತೆಗಳು ಮುಂದುವರಿಯುತ್ತವೆ." ಎದೆಯ ಬೆಲ್ಟಿಗಾಗಿ ಹೆಡ್‌ಮಾಸ್ತರಾದೆ: "ಒದ್ದೆ ಮಾಡಿಕೊಂಡು ಕಟ್ಟು! ಒಣಗಿದ್ದರೆ ಉತ್ತರ ಕೊಡೋಲ್ಲ!" ಸೈಕಲ್ಲಿನ ಹಿಂದೆ ಬಿಗಿದರೆ ತುಳಿಯುವ ಭಾರವನ್ನು ತಾನೇ ಏರಿಸಿ ಇಳಿಸುವ ಸ್ಮಾರ್ಟ್ ಟ್ರೇನರಿಗೆ ಅತ್ತೆಯ ದನಿ: "ಸೊಸೆಯೇ, ಇವತ್ತು ಸ್ವಲ್ಪ ಜಾಸ್ತಿ ಕೆಲಸ ಇದೆ ಕಣಮ್ಮ."

ಗಿರಾಕಿಗಳು ಇಲ್ಲಿ ನಗುತ್ತಾರೆ. ಇವಳು ನಗಲಿಲ್ಲ. ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ಕಣ್ಣು ಕಿರಿದು ಮಾಡಿ, ನನ್ನ ಗಂಟಲನ್ನೇ ನೋಡುತ್ತಿದ್ದಳು.

"ಚೆನ್ನಾಗಿದೆ. ಇದರಲ್ಲಿ ನಿಮ್ಮ ದನಿ ಯಾವುದು?"

ನಾನು ಬಾಯಿ ತೆರೆದೆ. ಬಂದದ್ದು ಹೆಡ್‌ಮಾಸ್ತರ ಕೆಮ್ಮು.

"ನಾನು ಆಡಿಯಾಲಜಿಸ್ಟ್," ಅಂದಳು. "ಕಿವಿ ಟೆಸ್ಟ್ ಮಾಡೋಳು. ದಿನಾ ದನಿ ಕೇಳೋದೇ ಕೆಲಸ. ತಪ್ಪು ತಿಳ್ಕೋಬೇಡಿ."

ತಪ್ಪು ತಿಳಿದುಕೊಳ್ಳುವುದಕ್ಕೆ ತಲೆ ನೆಟ್ಟಗಿರಬೇಕಲ್ಲ?

ನಮ್ಮ ಅಂಗಡಿಯಲ್ಲಿ ಕೊಳ್ಳುವ ಮುಂಚೆ ಮೂರು ಶನಿವಾರ ಮನೆಗೇ ಬಂದು ಒಂದೊಂದನ್ನೂ ಕಟ್ಟಿ ತೋರಿಸುವ ಪದ್ಧತಿಯಿದೆ. ಮೂರನೆಯ ಶನಿವಾರ ಗಿರಾಕಿ ಒಂದನ್ನು ಆರಿಸಬೇಕು. ಆಮೇಲೆ ಅವರ ಮನೆಗೆ ಹೋಗಲು ನಮಗೆ ಕಾರಣ ಇರುವುದಿಲ್ಲ. ಹಿಂದೆಂದೂ ಕಾಡದ ಈ ನಿಯಮದ ಕೊನೆಯ ಸಾಲು ಅವತ್ತು ಬಸ್ಸಿನಲ್ಲಿ ಮನೆಗೆ ಹೋಗುವಾಗಲೇ ಕಾಡತೊಡಗಿತು.

ಮೊದಲನೆಯ ಶನಿವಾರ ಕೈಗಡಿಯಾರ. ಅವಳ ಕೋಣೆ ಮೂರನೆಯ ಮಹಡಿಯಲ್ಲಿ. ಕಿಟಕಿಯ ಪಕ್ಕ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದ ಸೈಕಲ್ಲು, ಗೋಡೆಗೆ ಕಿವಿಯ ಒಳಭಾಗದ ದೊಡ್ಡ ಚಿತ್ರ. ಪಕ್ಕದ ಕೋಣೆಯಿಂದ ಚಿಕ್ಕಮ್ಮನ ನೇರ ಪ್ರಸಾರ: "ಏನೇ ಅದು, ಇರುವೆ ಗೋಡೆ ಹತ್ತಿದ ಹಾಗೆ ತುಳೀತಿದ್ದೀಯ! ಜೋರಾಗಿ ತುಳಿಯೇ!"

"ಮಂಡಿ ನಿಂದಲ್ಲ, ನಂದು ಚಿಕ್ಕಮ್ಮ!"

"ಸಾಕಿದ್ದು ನಾನು. ಅರ್ಧ ನಂದೇ."

ಆ ದನಿಯನ್ನು ಅಲ್ಲೇ ಕಿಸೆಗೆ ಹಾಕಿಕೊಂಡೆ. ಅವಳು ಓರೆಗಣ್ಣಲ್ಲಿ ಗಮನಿಸಿದಳು. "ಕದ್ದುಬಿಟ್ರಿ ಅಲ್ವಾ?" ಅಂದಳು ಮೆಲ್ಲಗೆ. ಬೆವರಿನಿಂದ ಹಣೆಗೆ ಅಂಟಿದ ಕೂದಲೆಳೆಯೊಂದನ್ನು ಊದಿ ಹಾರಿಸಿದಳು. ಕೂದಲು ಹಾರಿ ಮತ್ತೆ ಅಲ್ಲೇ ಕೂತಿತು. ನಾನು ಮಾತ್ರ ಎಲ್ಲೂ ಕೂರಲಾರದವನಾದೆ.

ಎರಡನೆಯ ಶನಿವಾರ ಬೆಲ್ಟಿನ ಸರದಿ. ಅವಳು ಒಳಗೆ ಹೋಗಿ ಕಟ್ಟಿಕೊಂಡು ಬಂದಳು. ನಾನು ಅಂಗಡಿಯ ಟ್ಯಾಬನ್ನು, ದಿನವೂ ಗಿರಾಕಿಗಳಿಗೆ ತೋರಿಸುವ ಅದೇ ಟ್ಯಾಬನ್ನು, ಹ್ಯಾಂಡಲಿನ ಮುಂದೆ ನಿಲ್ಲಿಸಿದೆ. ಪರದೆಯ ಮೂಲೆಯಲ್ಲಿ ಕೆಂಪು ಹೃದಯ ಮಿಡಿಯಿತು: ಎಂಬತ್ತೆರಡು.

ಹತ್ತು ನಿಮಿಷ ತುಳಿದಳು. ಎಂಬತ್ತು. ನನಗೆ ಹೆಮ್ಮೆಯೋ ಹೆಮ್ಮೆ. "ಮಂಡಿ ಹೋದರೇನು, ಹೃದಯ ಚಾಂಪಿಯನ್ನರದು ರೀ!"

ಸೀಟು ಅರ್ಧ ಇಂಚು ಎತ್ತರಿಸಬೇಕಿತ್ತು. ಬಗ್ಗಿದೆ. ಅವಳ ಮೊಣಕೈ ನನ್ನ ಕಿವಿಗೆ ಸೋಕಿತು. ತಲೆಯೆತ್ತಿ ನೋಡಿದರೆ ಪರದೆಯಲ್ಲಿ ನೂರ ಹದಿನೈದು!

ದೂರ ಸರಿದೆ. ತೊಂಬತ್ತು. ನೀರಿನ ಬಾಟಲಿ ಕೊಟ್ಟೆ. ಬೆರಳಿಗೆ ಬೆರಳು ತಾಗಿತು. ನೂರ ಇಪ್ಪತ್ತು. ನಾನೇನು ಮೂರ್ಖನೇ? ವಿಜ್ಞಾನ ಓದಿದವನು. ಮತ್ತೆ ಮತ್ತೆ ಪ್ರಯೋಗ ಮಾಡಿದೆ. ಪ್ರತಿ ಸಲವೂ ಅದೇ ಫಲಿತಾಂಶ.

ಅವಳು ತುಳಿಯುವುದನ್ನು ನಿಲ್ಲಿಸಿ ಪರದೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. ತನ್ನ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟುಕೊಂಡಳು. "ಕೆಳಗೆ ಹೋಗಿ ನನ್ನ ಗಾಡಿ ಲಾಕ್ ಆಗಿದೆಯಾ ನೋಡ್ಕೊಂಡು ಬರ್ತೀರಾ?" ಅಂದಳು. ಮೂರು ಮಹಡಿ ಇಳಿದು ಹತ್ತಿ ಬಂದೆ. ಲಾಕ್ ಆಗಿತ್ತು. ಅವಳ ತುಟಿಯ ಒಂದು ತುದಿ ಮಾತ್ರ ಮೇಲೆ ಸರಿದಿತ್ತು, ಯಾವುದೋ ನಗುವನ್ನು ಬಾಗಿಲ ಹಿಂದೆ ಕೂಡಿಹಾಕಿದಂತೆ.

ಆ ವಾರ ಹೇಗೆ ಕಳೆಯಿತೆಂದು ಕೇಳಬೇಡಿ. ಸ್ಕ್ರೂಗಳನ್ನು ಉದ್ದದ ಪ್ರಕಾರ ಜೋಡಿಸಿದೆ, ಆಮೇಲೆ ಹೊಳಪಿನ ಪ್ರಕಾರ. ಫೋನ್ ತೆಗೆದು ಅವಳ ನಂಬರಿನ ಮೇಲೆ ಬೆರಳು ಆಡಿಸಿ ಒಳಗಿಟ್ಟೆ. ಹೆಂಗಸೊಬ್ಬರು ಡಂಬೆಲ್ ಕೇಳಿದರೆ ಪಂಪು ಕೊಟ್ಟೆ. ಮಂಗಳವಾರದ ಹೊತ್ತಿಗೆ ಮಾವನಿಗೆ ಸಾಕಾಗಿತ್ತು.

"ಏನಾಗಿದೆಯೋ ನಿಂಗೆ? ಬಾಲ ಸುಟ್ಟ ಬೆಕ್ಕಿನ ಹಾಗೆ ಓಡಾಡ್ತಿದ್ದೀಯ."

ಹೇಳಿಬಿಟ್ಟೆ. ನೂರ ಇಪ್ಪತ್ತರ ತನಕ ಎಲ್ಲ.

"ಅವಳು ಬಾಯಿ ಬಿಟ್ಟು ಏನಾದ್ರೂ ಹೇಳಿದ್ಳಾ?"

"ಯಾಕೆ ಹೇಳ್ಬೇಕು? ಮೆಷೀನು ಹೇಳ್ತಲ್ಲ!"

"ಗಿಣಿ, ಈ ಮೆಷೀನು ಮಾರೋನು ನಾನು. ನಾನೇ ಅದನ್ನ ಅಷ್ಟು ನಂಬಲ್ಲ. ನೀನು ಬಾಯಿ ಬಿಟ್ಟು ಕೇಳಿದ್ಯಾ?"

ಕೇಳಿರಲಿಲ್ಲ. ಕೇಳಬೇಕಾದರೆ ಯಾರ ದನಿಯಲ್ಲಿ ಕೇಳಲಿ? ಕಾಲೇಜಿನಲ್ಲೊಬ್ಬಳಿಗೆ ಪ್ರಿನ್ಸಿಪಾಲರ ದನಿಯಲ್ಲಿ ಪ್ರೀತಿ ಹೇಳಿದ್ದೆ. ಅವಳು ನಕ್ಕೂ ನಕ್ಕೂ ಬೇರೆಯವನ ಜೊತೆ ಸಿನಿಮಾಕ್ಕೆ ಹೋದಳು. ಅಂದಿನಿಂದ ನನಗೆ ಖಾತ್ರಿಯಾಗಿತ್ತು, ನನ್ನ ದನಿಯಲ್ಲಿ ಹೇಳಿ ಇಲ್ಲವೆನ್ನಿಸಿಕೊಳ್ಳುವುದಕ್ಕಿಂತ ಬೇರೆಯವರ ದನಿಯಲ್ಲಿ ನಗಿಸಿ ಬರುವುದೇ ಕ್ಷೇಮ. ಇಲ್ಲವೆಂದರೂ ಅದು ಪ್ರಿನ್ಸಿಪಾಲರಿಗೆ ಅಂದದ್ದು.

ಆದರೆ ಈ ಸಲ ಉತ್ತರ ಮೊದಲೇ ಗೊತ್ತಿತ್ತು. ಪರದೆಯ ಮೇಲೆ ಬರೆದಿತ್ತು.

ಮೂರನೆಯ ಶನಿವಾರ ಸ್ಮಾರ್ಟ್ ಟ್ರೇನರನ್ನು ಹೊತ್ತು ಮೂರು ಮಹಡಿ ಹತ್ತಿದೆ. ಅದರ ಆ್ಯಪಿನಲ್ಲಿ ಮಾರ್ಗದರ್ಶನದ ಮಾತುಗಳನ್ನು ನಮಗೆ ಬೇಕಾದ ದನಿಯಲ್ಲಿ ತುಂಬಬಹುದು. ನಾನು ವಾರವೆಲ್ಲ ಕೂತು ತುಂಬಿದ್ದೆ.

ಬಾಗಿಲು ತೆಗೆದವರು ಚಿಕ್ಕಮ್ಮ. ಸೆಖೆಯಲ್ಲೂ ಕತ್ತಿನವರೆಗೆ ಶಾಲು ಹೊದ್ದಿದ್ದರು. "ಹುಷಾರಿಲ್ವಾ?" ಅಂದೆ.

"ವಯಸ್ಸಾಯ್ತಪ್ಪ," ಅಂದು, ಎಳೆಯ ಹುಡುಗಿಯ ಹಾಗೆ ಒಳಗೆ ಓಡಿದರು.

ಟ್ರೇನರನ್ನು ಸೈಕಲ್ಲಿನ ಹಿಂದೆ ಬಿಗಿದೆ, ಅವಳು ಹತ್ತಿದಳು. ಸಡಿಲವಾದ ನೀಲಿ ಅಂಗಿ, ಎತ್ತಿ ಕಟ್ಟಿದ ಕೂದಲು. "ಬೆಲ್ಟ್ ಹಾಕ್ಕೊಂಡ್ರಾ?" ಅಂದೆ.

"ನೀವು ಕೊಟ್ಟ ಬೆಲ್ಟ್ ಹಾಕಿ ಆಯ್ತು."

ಎರಡು ನಿಮಿಷಕ್ಕೆ ಟ್ಯಾಬು ಕೂಗಿತು: "ಏನೇ ಅದು, ಇರುವೆ ಗೋಡೆ ಹತ್ತಿದ ಹಾಗೆ ತುಳೀತಿದ್ದೀಯ!"

ಅವಳು ಹ್ಯಾಂಡಲಿನ ಮೇಲೆ ಕುಸಿದು ನಕ್ಕಳು. ಪಕ್ಕದ ಕೋಣೆಯಿಂದ ಚಿಕ್ಕಮ್ಮ: "ಯಾರೇ ಅದು ನನ್ನ ಗಂಟಲು ತಗೊಂಡು ಹೋಗಿರೋದು?"

ನಗುತ್ತಲೇ ಅವಳು ಪರದೆ ನೋಡಿದಳು. ತೊಂಬತ್ತಾರು. ನಗು ಮೆಲ್ಲಗೆ ನಿಂತಿತು.

"ಒಂದು ವಿಷಯ ಹೇಳ್ಬೇಕು," ಅಂದಳು. "ಆಸ್ಪತ್ರೆಯವರು ನಂಗೆ ಟ್ರಾನ್ಸ್‌ಫರ್ ಮಾಡಿದ್ದಾರೆ. ಬೇರೆ ಊರಿಗೆ. ಮುಂದಿನ ವಾರ ಹೊರಡ್ಬೇಕು."

ಟ್ರೇನರಿನ ಚಕ್ರ ಗುಂಯ್ ಅನ್ನುತ್ತ ನಿಧಾನವಾಯಿತು. ನನ್ನ ಕೈಯಲ್ಲಿದ್ದ ಪಾನಾ ಎಲ್ಲಿಡಬೇಕೋ ತಿಳಿಯದೆ ಕಿಸೆಗೆ ಹಾಕಿದೆ, ತೆಗೆದೆ, ಮತ್ತೆ ಹಾಕಿದೆ. ಆಗ ಪರದೆ ಕಂಡಿತು. ನೂರ ಮೂವತ್ತೆಂಟು.

ಅವಳು ತುಳಿಯುತ್ತಿರಲಿಲ್ಲ. ಸುಮ್ಮನೆ ಕೂತಿದ್ದಳು. ಆದರೂ ನೂರ ಮೂವತ್ತೆಂಟು!

"ನೋಡಿ!" ಅಂದೆ, ಪರದೆಗೆ ಬೊಟ್ಟು ಮಾಡಿ. "ನಿಮಗೂ ಹೋಗೋಕೆ ಇಷ್ಟ ಇಲ್ಲ. ನೀವು ಹೇಳದಿದ್ರೂ ನಂಗೆ ಗೊತ್ತು. ಹೋದ ವಾರದಿಂದ ಗೊತ್ತು. ನಾನು ಹತ್ತಿರ ಬಂದಾಗೆಲ್ಲ ನಿಮ್ಮ ಹೃದಯ..."

"ಆ ನಂಬರು ನಂದಲ್ಲ."

"ಮತ್ತೆ?"

ಅವಳು ಸೈಕಲ್ಲಿನಿಂದ ಬಗ್ಗಿ, ತೋರುಬೆರಳಿನಿಂದ ನನ್ನ ಅಂಗಿಯ ಎರಡನೆಯ ಗುಂಡಿಯ ಕೆಳಗೆ ಒಂದೇ ಒಂದು ಸಲ ತಟ್ಟಿದಳು. ಟಕ್ ಅಂತ ಪ್ಲಾಸ್ಟಿಕ್ಕಿನ ಸದ್ದು.

ಬೆಲ್ಟು. ನನ್ನದು. ಅಂಗಡಿಯ ಟ್ಯಾಬಿಗೆ ದಿನವೂ ಪರಿಚಯದ ಬೆಲ್ಟು. ಅದು ಕೋಣೆಯಲ್ಲಿರುವ ತನಕ ಟ್ಯಾಬು ಬೇರೆ ಯಾರ ಎದೆಯನ್ನೂ ಹುಡುಕುವುದಿಲ್ಲ. ಈ ಪಾಠವನ್ನು ನೂರಾರು ಗಿರಾಕಿಗಳಿಗೆ ಹೇಳಿದವನು ನಾನು.

"ಹೋದ ವಾರ ನಾಡಿ ಎಣಿಸಿದೆ, ಲೆಕ್ಕ ತಾಳೆ ಆಗ್ಲಿಲ್ಲ," ಅಂದಳು. "ನಿಮ್ಮನ್ನ ಕೆಳಗೆ ಕಳಿಸಿದೆ. ನಿಮ್ಮ ಜೊತೆ ನಂಬರೂ ಮೆಟ್ಟಿಲಿಳಿದು ಹೋಯ್ತು. ನಮ್ಮ ಹತ್ರ ಕೆಲವರು ಬರ್ತಾರೆ, ಶಬ್ದ ಕೇಳಿಸಿದಾಗ ಬಟನ್ ಒತ್ತಿ ಅಂದ್ರೆ ಕೇಳಿಸದಿದ್ರೂ ಒತ್ತೋರು. ಅವರನ್ನ ಹಿಡಿಯೋದು ನನ್ನ ಕೆಲಸ. ನೀವು ಉಲ್ಟಾ ಕೇಸು. ಮೂರು ವಾರದಿಂದ ಬಟನ್ ಒತ್ತೇ ಒತ್ತುತ್ತಾ ಇದ್ದೀರ, ಒತ್ತೋದು ನೀವೇ ಅಂತ ನಿಮಗೇ ಗೊತ್ತಿಲ್ಲ."

ನೆಲ ಬಿರಿಯಲಿ ಅಂದುಕೊಂಡೆ. ಕೆಳಗೆ ಎರಡನೆಯ ಮಹಡಿಯವರಿದ್ದಾರೆ ಅಂತ ಬಿರಿಯಲಿಲ್ಲವೇನೋ. ಅಂಗಿಯೊಳಗೆ ಕೈಹಾಕಿ, ಟ್ಯಾಬಿಗೆ ಲೆಕ್ಕ ಕಳಿಸುವ ಬೆಲ್ಟಿನ ಬಿಲ್ಲೆ ಕಿತ್ತೆ. ಪರದೆಯಲ್ಲಿ ಎರಡು ಗೆರೆಗಳು ಮಾತ್ರ ಉಳಿದವು.

"ಟ್ರಾನ್ಸ್‌ಫರ್ರು?"

"ಆಮೇಲೆ ಹೇಳ್ತೀನಿ."

ಎರಡು ಗೆರೆಗಳು ಮಿನುಗಿ ಹೊಸ ಸಂಖ್ಯೆ ಮೂಡಿತು. ಎಂಬತ್ತನಾಲ್ಕು.

ಈಗ ಇದು ನಿಜವಾಗಿ ಅವಳದು! ನಾನು ಪರದೆಯನ್ನು ದಿಟ್ಟಿಸಿದೆ. ಅವಳು ಕೆಳತುಟಿ ಕಚ್ಚಿಕೊಂಡು ಇಳಿದು, ಗೋಡೆಯ ಕಿವಿಯ ಚಿತ್ರಕ್ಕೆ ಮುಖ ಮಾಡಿ ನಿಂತಳು. ನನಗೆ ಬೆನ್ನು.

"ಇದು ನಮ್ಮ ಹಳೇ ಟೆಸ್ಟು. ಒಂದು ಕೈ ದೂರದಲ್ಲಿ ಹಿಂದೆ ನಿಂತ್ಕೊಳ್ಳಿ. ಪಿಸುದನಿಯಲ್ಲಿ ಹೇಳಿ. ಕೇಳಿಸಿದ್ರೆ ಕೈ ಎತ್ತುತ್ತೀನಿ. ಬೇರೆಯವರ ದನಿ ನಂಗೆ ಕೇಳಿಸಲ್ಲ."

ತಂತಾನೇ ವಾರ್ತೆಯವನು ಹೊರಬಂದ: "ಅಧಿಕೃತ ಮೂಲಗಳ ಪ್ರಕಾರ..."

ಕೈ ಏಳಲಿಲ್ಲ. ಪರದೆ ಎಂಬತ್ತಕ್ಕೆ ಇಳಿಯಿತು.

ಅವಳ ಕತ್ತಿನ ಹಿಂದೆ ಕಟ್ಟಿಗೆ ಸಿಗದ ಎರಡು ಕೂದಲೆಳೆ. ನನ್ನ ಉಸಿರಿಗೆ ಅವು ಅಲ್ಲಾಡಿದವು. ಅವಳು ಇಲ್ಲವೆಂದರೆ ಅದು ಈ ಸಲ ಪ್ರಿನ್ಸಿಪಾಲರಿಗಲ್ಲ. ನನಗೇ.

"ನಂಗೆ..." ಅಂದೆ. ದನಿ ತೆಳ್ಳಗೆ, ತುಸು ಒಡಕಾಗಿತ್ತು. ಎಷ್ಟೋ ವರ್ಷ ಮಡಚಿಟ್ಟ ಅಂಗಿಯ ಹಾಗೆ ಗೆರೆಗೆರೆ. "ನಂಗೆ ನೀವು ಅಂದ್ರೆ ಇಷ್ಟ. ಮುಂದಿನ ಶನಿವಾರ ಏನು ಮಾಡ್ಲಿ ಅಂತ ಗೊತ್ತಾಗ್ತಿಲ್ಲ. ಅದರ ಮುಂದಿನದೂ ಗೊತ್ತಾಗ್ತಿಲ್ಲ."

ಪರದೆ: ನೂರ ಎರಡು. ನೂರ ಹದಿನಾರು.

ಕೈ ಏಳಲಿಲ್ಲ. ನೂರ ಇಪ್ಪತ್ತೇಳು. ಇನ್ನೂ ಏಳಲಿಲ್ಲ. ನಾನು ಪರದೆ ನೋಡುವುದನ್ನು ಬಿಟ್ಟೆ.

ಅವಳ ಬಲಗೈ ಮೆಲ್ಲಗೆ ಎದ್ದಿತು. ಭುಜದವರೆಗೆ ಬಂದು, ಅಲ್ಲಿಂದ ಹಿಂದಕ್ಕೆ, ನನ್ನ ಕಡೆಗೆ, ಅಂಗೈ ಬಿಚ್ಚಿಕೊಂಡು ಬಂತು. ಹಿಡಿದುಕೊಂಡೆ.

"ಸ್ಪಷ್ಟವಾಗಿ ಕೇಳಿಸ್ತು," ಅಂದಳು, ಗೋಡೆಯ ಕಡೆಗೇ. "ನಂಗೂ."

"ನೂರ ನಲವತ್ತು!" ಅಂದೆ, ಪರದೆ ನೋಡಿ ಕುಣಿಯುತ್ತ. "ನೋಡ್ರೀ ನಿಮ್ಮ ಹೃದಯ!"

"ಅದು ಅವಳದೆಲ್ಲಿ ಬಂತಪ್ಪಾ, ನಂದು!" ಪಕ್ಕದ ಕೋಣೆಯ ಬಾಗಿಲ ಪರದೆ ಸರಿಸಿ ಚಿಕ್ಕಮ್ಮ ಹೊರಬಿದ್ದರು. ಶಾಲು ಜಾರಿತ್ತು. ಅವರು ಬೆಲ್ಟನ್ನು ರವಿಕೆಯ ಮೇಲಿಂದ ಒತ್ತಿ ಹಿಡಿದಿದ್ದರು. "ಬಿಚ್ಚಿ ಕೊಡ್ರೋ ಇದನ್ನ! ಇವಳು ಕೈ ಎತ್ತೋದ್ರೊಳಗೆ ನನ್ನ ಪ್ರಾಣ ಹೋಗ್ತಿತ್ತು. ಎತ್ತೇ, ಎತ್ತೇ ಅಂತ ಒಳಗೆ ನಾನು ಒದ್ದಾಡ್ತಿದ್ರೆ, ಇವಳಿಗೆ ಆಟ!"

ಅವಳು ತಿರುಗಿದಳು. ಮುಖ ಕೆಂಪು, ಕಣ್ಣಲ್ಲಿ ನೀರು, ಆ ನೀರಿನ ತುಂಬ ತುಂಟತನ. "ಟ್ರಾನ್ಸ್‌ಫರ್ರೂ ಸುಳ್ಳು, ನಿಮ್ಮ ನಂಬರು ಏನಾಗುತ್ತೆ ನೋಡೋಕೆ ಹೇಳಿದ್ದು," ಅಂದಳು. "ಬೆಲ್ಟೂ ನಂಗೆ ಬೇಡ. ಮಂಡಿಗೆ ಬೇಕಾಗಿರೋದು ನಿಮಿಷಕ್ಕೆ ಎಷ್ಟು ಸುತ್ತು, ಎಷ್ಟು ಭಾರ ಅನ್ನೋದು. ಈ ಟ್ರೇನರ್ ಇರಲಿ. ಆದರೆ ದಾರಿ ಹೇಳೋ ದನಿ ಬದಲಾಯಿಸ್ಬೇಕು. ಈಗ ಪಿಸುಗುಟ್ಟಿತಲ್ಲ, ಅದು. ರೆಕಾರ್ಡ್ ಮಾಡೋಕೆ ಎಷ್ಟು ಶನಿವಾರ ಬೇಕು?"

ನಾನು ಉತ್ತರಿಸುವ ಮೊದಲೇ ಟ್ಯಾಬು ಕೂಗಿತು: "ನಿಲ್ಲಿಸಿಬಿಟ್ಯಾ? ಸಾಕಿದ್ದು ನಾನು! ತುಳಿಯೇ!"

"ನಾನಲ್ಲ ಹೇಳಿದ್ದು!" ಚಿಕ್ಕಮ್ಮ ಎರಡೂ ಕೈ ಮೇಲೆತ್ತಿದರು. ಕೊಂಡಿ ಕಳಚಿ ಬೆಲ್ಟು ಜಾರಿ ನೆಲಕ್ಕೆ ಬಿತ್ತು.

ಅವಳು ನಕ್ಕಳು, ಚಿಕ್ಕಮ್ಮ ನಕ್ಕರು. ಆದರೆ ಕೆಳಗಿನ ಮಹಡಿಯವರು ಏನಾಯಿತೆಂದು ಮೆಟ್ಟಿಲು ಹತ್ತಿ ಬಂದದ್ದು ನನ್ನ ನಗುವಿಗೆ. ಸೈಕಲ್ಲಿನ ಪಕ್ಕ ನೆಲದ ಮೇಲೆ ಕೂತು, ಒಂದು ಕೈಯಲ್ಲಿ ಅವಳ ಕೈ, ಇನ್ನೊಂದರಲ್ಲಿ ಯಾರ ಎದೆಗೂ ಸೇರದ ಬೆಲ್ಟು ಹಿಡಿದು, ಪಕ್ಕೆ ನೋಯುವ ತನಕ ನಗುತ್ತಿದ್ದವನು ನಾನೇ.